ಟೀ ಹೊಡೆತ

ಗಾಲ್ಫ್ ಆಟದಲ್ಲಿ ಪ್ರತಿಯೊಂದು ಕುಳಿಯ ಆಟವನ್ನು ಆರಂಭಿಸುವ ಮೊದಲ ಹೊಡೆತವನ್ನು ಟೀ ಹೊಡೆತ ಎನ್ನುತ್ತಾರೆ. ನೆಲಕ್ಕೆ ಚುಚ್ಚಿದ ಸಣ್ಣ ಗೂಟದ ಮೇಲೆ ಚೆಂಡನ್ನಿಟ್ಟು ಹೊಡೆಯಲು ಅವಕಾಶವಿರುವುದು ಈ ಹೊಡೆತಕ್ಕೆ ಮಾತ್ರ; ಆ ಗೂಟದ ಹೆಸರೇ ಟೀ. ಉದ್ದದ ಕುಳಿಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ಡ್ರೈವರ್ ಎಂಬ ಅತ್ಯಂತ ಉದ್ದನೆಯ ದಾಂಡನ್ನು ಬಳಸುತ್ತಾರೆ. ಹೊಡೆತದ ಗುಣವನ್ನು ದೂರ ಮತ್ತು ನಿಖರತೆ ಎಂಬ ಎರಡು ಅಳತೆಗಳಿಂದ ಗುರುತಿಸಲಾಗುತ್ತದೆ. ಇವೆರಡನ್ನೂ ಬೇರೆ ಬೇರೆಯಾಗಿ ಕಲಿಯಬಹುದೆಂಬ ಭಾವನೆ ಸಾಮಾನ್ಯವಾದರೂ, ದೂರ ಹೆಚ್ಚಿದಷ್ಟೂ ಅದೇ ಪ್ರಮಾಣದ ತಪ್ಪಿಗೆ ತೆರಬೇಕಾದ ದಂಡವೂ ಹೆಚ್ಚುತ್ತದೆ.

ನಿಯಮಗಳು

ಚೆಂಡಿನ ತೂಕ 45.93 ಗ್ರಾಂ ಮೀರಬಾರದು, ವ್ಯಾಸ 42.67 ಮಿ.ಮೀ.ಗಿಂತ ಕಡಿಮೆಯಿರಬಾರದು. ಡ್ರೈವರ್‌ನ ತಲೆಯ ಗಾತ್ರಕ್ಕೆ 460 ಘನ ಸೆಂ.ಮೀ. ಮಿತಿಯಿದೆ. ಹೊಡೆದ ಚೆಂಡು ಅಂಕಣದ ಗಡಿಯಾಚೆ ಬಿದ್ದರೆ ಒಂದು ಹೊಡೆತದ ದಂಡದೊಡನೆ ಮತ್ತೆ ಟೀಯಿಂದಲೇ ಆಡಬೇಕು. ಹೀಗೆ ಆಡುವ ಹೊಡೆತವು ಲೆಕ್ಕದಲ್ಲಿ ಮೂರನೆಯದಾಗುತ್ತದೆ.

ದೂರವನ್ನು ನಿರ್ಧರಿಸುವ ಅಂಶಗಳು

ಚೆಂಡು ಸಾಗುವ ದೂರವು ಮುಖ್ಯವಾಗಿ ಮೂರು ಸಂಗತಿಗಳನ್ನು ಅವಲಂಬಿಸಿದೆ: ಚೆಂಡಿನ ಆರಂಭಿಕ ವೇಗ, ಅದು ಚಿಮ್ಮುವ ಕೋನ ಮತ್ತು ಅದರ ಹಿಮ್ಮುಖ ತಿರುಗುವಿಕೆ. ಡ್ರೈವರ್‌ನ ತಲೆ ಗಂಟೆಗೆ 160 ಕಿ.ಮೀ. ವೇಗದಲ್ಲಿ ಬಂದು ತನ್ನ ಮುಖದ ನಡುಭಾಗದಿಂದ ಚೆಂಡನ್ನು ತಾಗಿದರೆ, ಚೆಂಡು ಸುಮಾರು 240 ಕಿ.ಮೀ. ವೇಗದಲ್ಲಿ ಹೊರಡುತ್ತದೆ. ಅಂದರೆ ದಾಂಡಿನ ವೇಗದ ಸುಮಾರು ಒಂದೂವರೆ ಪಟ್ಟು ಚೆಂಡಿಗೆ ದೊರೆಯುತ್ತದೆ. ತಾಗುವ ಜಾಗ ನಡುವಿನಿಂದ ಸರಿದಂತೆ ಈ ಪ್ರಮಾಣ ಇಳಿಯುತ್ತದೆ. ಆದ್ದರಿಂದ ಹವ್ಯಾಸಿ ಆಟಗಾರನೊಬ್ಬ ತೋಳಿನ ಬಲವನ್ನೆಲ್ಲ ಸುರಿದು ಬೀಸಿ, ದಾಂಡಿನ ತುದಿಗೆ ಚೆಂಡನ್ನು ತಾಗಿಸಿದಾಗ ಗಳಿಸುವುದಕ್ಕಿಂತ ಕಳೆದುಕೊಳ್ಳುವುದೇ ಹೆಚ್ಚು.

ಹಿಮ್ಮುಖ ತಿರುಗುವಿಕೆಯು ಚೆಂಡಿಗೆ ಮೇಲೆತ್ತುವ ಬಲವನ್ನು ಕೊಡುತ್ತದೆ. ಚೆಂಡಿನ ಮೈಮೇಲಿನ ಗುಳಿಗಳು ಗಾಳಿಯ ತಡೆಯನ್ನು ಕುಗ್ಗಿಸುತ್ತವೆ. ಗುಳಿಗಳಿಲ್ಲದ ನಯವಾದ ಚೆಂಡು ಸುಮಾರು ಅರ್ಧದಷ್ಟು ದೂರ ಮಾತ್ರ ಹೋಗುತ್ತದೆ. ಆದರೆ ತಿರುಗುವಿಕೆ ಅತಿಯಾದರೆ ಚೆಂಡು ಮೇಲಕ್ಕೇರಿ, ಅಲ್ಲಿಯೇ ವೇಗ ಕಳೆದುಕೊಂಡು ಬೀಳುತ್ತದೆ. ಡ್ರೈವರ್ ಹೊಡೆತಕ್ಕೆ ನಿಮಿಷಕ್ಕೆ 2,000ದಿಂದ 3,000 ಸುತ್ತುಗಳು ಸಾಮಾನ್ಯವಾಗಿ ಅನುಕೂಲಕರ. ಇದನ್ನು ಪಡೆಯಲು ದಾಂಡು ತನ್ನ ವೃತ್ತದ ತಳವನ್ನು ದಾಟಿ ಮೇಲೇರುತ್ತಿರುವಾಗ ಚೆಂಡನ್ನು ತಾಗುವುದು ಒಳ್ಳೆಯದು. ಬಲಗೈ ಆಟಗಾರರು ಚೆಂಡನ್ನು ಎಡ ಹಿಮ್ಮಡಿಯ ಒಳಭಾಗಕ್ಕೆ ನೇರವಾಗಿ ಇಡುವುದು, ಚೆಂಡಿನ ಅರ್ಧಭಾಗವು ಡ್ರೈವರ್‌ನ ಮೇಲಂಚಿಗಿಂತ ಮೇಲೆ ಕಾಣುವಂತೆ ಟೀಯನ್ನು ನೆಡುವುದು ಇದೇ ಕಾರಣಕ್ಕೆ.

ಬೀಸಿನ ವೇಗ ಹುಟ್ಟುವುದು ತೋಳಿನಲ್ಲಿ ಮಾತ್ರವಲ್ಲ. ಕೆಳಬೀಸಿನಲ್ಲಿ ಮೊದಲು ದೇಹದ ಭಾರ ಗುರಿಯ ಕಡೆಯ ಪಾದಕ್ಕೆ ಸರಿಯುತ್ತದೆ. ಬಳಿಕ ಸೊಂಟ, ಭುಜ, ತೋಳು, ಮಣಿಕಟ್ಟು ಈ ಕ್ರಮದಲ್ಲಿ ಒಂದರ ಹಿಂದೊಂದು ಬಿಚ್ಚಿಕೊಳ್ಳುತ್ತವೆ. ಹಿಡಿತ ಬಿಗಿಯಾದಷ್ಟೂ ಮಣಿಕಟ್ಟು ಸೆಟೆದು ವೇಗ ಕುಂದುತ್ತದೆ.

ನಿಖರತೆ

ಚೆಂಡು ದಾಂಡಿನ ಪಥದ ದಿಕ್ಕಿನಲ್ಲಿ ಹೊರಟು, ನಂತರ ದಾಂಡಿನ ಮುಖ ನೋಡುತ್ತಿದ್ದ ಕಡೆಗೆ ಬಾಗುತ್ತದೆ ಎಂದು ಬಹುಕಾಲ ಬೋಧಿಸಲಾಗುತ್ತಿತ್ತು. ರೇಡಾರ್ ಆಧಾರಿತ ಮಾಪನ ಸಾಧನಗಳು ಬಂದ ಮೇಲೆ ಈ ತಿಳಿವಳಿಕೆ ತಿರುಗುಮುರುಗಾಯಿತು. ಚೆಂಡು ಹೊರಡುವ ದಿಕ್ಕನ್ನು ಬಹುಮಟ್ಟಿಗೆ ನಿರ್ಧರಿಸುವುದು ತಾಗುವ ಕ್ಷಣದಲ್ಲಿ ದಾಂಡಿನ ಮುಖ ಇರುವ ದಿಕ್ಕು. ಮುಖಕ್ಕೂ ಪಥಕ್ಕೂ ನಡುವಿನ ಕೋನವು ಚೆಂಡನ್ನು ಬಾಗಿಸುತ್ತದೆ. ಬಲಗೈ ಆಟಗಾರನ ದಾಂಡು ಹೊರಗಿನಿಂದ ಒಳಕ್ಕೆ ಸಾಗುತ್ತ ಅದರ ಮುಖ ಪಥಕ್ಕಿಂತ ಬಲಕ್ಕೆ ತೆರೆದಿದ್ದರೆ ಚೆಂಡು ಬಲಕ್ಕೆ ಬಾಗುತ್ತದೆ. ಇದೇ ಹೊಸಬರನ್ನು ಕಾಡುವ ಸ್ಲೈಸ್. ಚೆಂಡು ಬಲಕ್ಕೆ ಹೋಗುತ್ತಿದೆಯೆಂದು ಇನ್ನಷ್ಟು ಎಡಕ್ಕೆ ಗುರಿಯಿಟ್ಟು ಬೀಸುವುದು ಸಹಜ ಪ್ರತಿಕ್ರಿಯೆಯಾದರೂ, ಅದರಿಂದ ಪಥ ಮತ್ತಷ್ಟು ಒಳಮುಖವಾಗಿ ದೋಷ ಬಲಿಯುತ್ತದೆ. ಮೊದಲು ಹಿಡಿತವನ್ನೂ ದಾಂಡಿನ ಮುಖವನ್ನೂ ಸರಿಪಡಿಸಿ, ಆಮೇಲೆ ಪಥದ ಕಡೆಗೆ ಗಮನ ಹರಿಸುವುದು ಸೂಕ್ತ.

ತಾಗುವ ಜಾಗವೂ ದಿಕ್ಕನ್ನು ಬದಲಿಸುತ್ತದೆ. ಬಲಗೈ ಆಟಗಾರನಿಗೆ ದಾಂಡಿನ ತುದಿಗೆ ತಾಗಿದ ಚೆಂಡು ಎಡಕ್ಕೂ, ಬುಡಕ್ಕೆ ತಾಗಿದ ಚೆಂಡು ಬಲಕ್ಕೂ ಬಾಗುವ ಪ್ರವೃತ್ತಿ ತೋರುತ್ತದೆ. ದಾಂಡಿನ ಮುಖಕ್ಕೆ ತೆಳುವಾಗಿ ಪೌಡರ್ ಸವರಿ ಹೊಡೆದರೆ ಚೆಂಡಿನ ಗುರುತು ಅಲ್ಲಿ ಉಳಿಯುತ್ತದೆ. ಅಂಕಣ ಹತ್ತಿರವಿಲ್ಲದ ಊರಿನವರೂ ಭದ್ರವಾದ ಬಲೆಯೊಂದನ್ನು ಕಟ್ಟಿಕೊಂಡು ಈ ಅಭ್ಯಾಸ ಮಾಡಬಹುದು. ಇದು ದುಬಾರಿ ಸಾಧನಗಳಷ್ಟೇ ಪ್ರಾಮಾಣಿಕವಾಗಿ ತಪ್ಪನ್ನು ತೋರಿಸುತ್ತದೆ.

ತಪ್ಪಿನ ಬೆಲೆಯನ್ನು ಸರಳ ತ್ರಿಕೋನಮಿತಿಯಿಂದ ಅಳೆಯಬಹುದು. ಗುರಿಯಿಂದ 4 ಡಿಗ್ರಿ ಸರಿದು ನೇರವಾಗಿ ಹೋದ ಚೆಂಡು 220 ಗಜದ ದೂರದಲ್ಲಿ ಸುಮಾರು 15 ಗಜ, 280 ಗಜದಲ್ಲಿ ಸುಮಾರು 20 ಗಜ ಪಕ್ಕಕ್ಕೆ ಬೀಳುತ್ತದೆ. ಫೇರ್‌ವೇ 35 ಗಜ ಅಗಲವಿದ್ದು ಗುರಿ ಅದರ ನಡುವಿನಲ್ಲಿದ್ದರೆ ಮೊದಲನೆಯ ಚೆಂಡು ಹುಲ್ಲುಹಾಸಿನಲ್ಲಿ ಉಳಿದರೆ, ಎರಡನೆಯದು ಒರಟು ಹುಲ್ಲಿಗೆ ಸೇರುತ್ತದೆ. ಮುಂದೆ ನೀರು ಅಥವಾ ಗಡಿ ಹತ್ತಿರವಿರುವ ಕುಳಿಗಳಲ್ಲಿ ಅನುಭವಿಗಳು ಡ್ರೈವರ್ ಬಿಟ್ಟು ಚಿಕ್ಕ ದಾಂಡನ್ನು ಆರಿಸುವುದು ಇದರಿಂದಲೇ.

ಎತ್ತರದ ಪ್ರಭಾವ

ಮೈಸೂರು, ಬೆಂಗಳೂರುಗಳಿಂದ ತುಮಕೂರು, ಗುಬ್ಬಿಗಳವರೆಗಿನ ಬಯಲುಸೀಮೆಯ ಬಹುಭಾಗ ಸಮುದ್ರಮಟ್ಟದಿಂದ ಸುಮಾರು 750ರಿಂದ 920 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಕರಾವಳಿಗಿಂತ ವಿರಳವಾದ್ದರಿಂದ ಅದೇ ಹೊಡೆತ ಸುಮಾರು ಶೇ. 5ರಷ್ಟು ಹೆಚ್ಚು ದೂರ ಹೋಗುತ್ತದೆ. 1876ರಲ್ಲಿ ಸ್ಥಾಪನೆಯಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನ ಅಂಕಣದಲ್ಲಿ 240 ಗಜ ಹೊಡೆಯುವವರು ಮಂಗಳೂರಿನಲ್ಲಿ ಹತ್ತು ಹನ್ನೆರಡು ಗಜ ಕಳೆದುಕೊಂಡರೆ ಅದು ಬೀಸಿನ ದೋಷವಲ್ಲ.

ದೂರವೋ ನಿಖರತೆಯೋ

ಗಾಲ್ಫ್ ಗೆಲ್ಲುವುದು ಗ್ರೀನ್ ಮೇಲಿನ ಪಟ್ಟಿಂಗಿನಿಂದ ಎಂಬುದು ಹಳೆಯ ನಂಬಿಕೆ. ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರೋಡಿ ಅಮೆರಿಕದ ವೃತ್ತಿಪರ ಪಂದ್ಯಗಳ ದತ್ತಾಂಶವನ್ನು ಪರಿಶೀಲಿಸಿ, ಶ್ರೇಷ್ಠರಿಗೂ ಸಾಮಾನ್ಯರಿಗೂ ಇರುವ ಅಂತರದ ಸುಮಾರು ಮೂರನೆಯ ಎರಡು ಭಾಗ 100 ಗಜಕ್ಕಿಂತ ದೂರದಿಂದ ಆಡುವ ಹೊಡೆತಗಳಿಂದ ಬರುತ್ತದೆಂದು ತೋರಿಸಿದರು. ಹೀಗಾಗಿ ದೂರದ ಮಹತ್ವವನ್ನು ಅಲ್ಲಗಳೆಯಲಾಗದು.

ಇದಕ್ಕೆ ಎದುರಾಗಿ ನಿಲ್ಲುವ ಉದಾಹರಣೆ ಬೆಂಗಳೂರಿನ ಅದಿತಿ ಅಶೋಕ್. 1998ರಲ್ಲಿ ಜನಿಸಿದ ಅವರು ಐದನೆಯ ವಯಸ್ಸಿನಲ್ಲಿ ಆಟ ಆರಂಭಿಸಿ, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದರು. ಟೀ ಹೊಡೆತದ ದೂರದಲ್ಲಿ ಅವರು ವಿಶ್ವದ ಅಗ್ರ ಆಟಗಾರ್ತಿಯರಿಗಿಂತ ಬಹಳ ಹಿಂದೆ. 2021ರಲ್ಲಿ ಕೋವಿಡ್ ತಗುಲಿದ ಬಳಿಕ ಆ ದೂರ ಇನ್ನೂ ಕುಗ್ಗಿತೆಂದು ಅವರೇ ಹೇಳಿಕೊಂಡಿದ್ದರು. ಅದೇ ವರ್ಷದ ಆಗಸ್ಟ್‌ನಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ, ತಾಯಿ ಮಹೇಶ್ವರಿ ಅವರೇ ಕ್ಯಾಡಿಯಾಗಿ ಜೊತೆಯಲ್ಲಿದ್ದಾಗ, ಅದಿತಿ 67, 66, 68, 68 ಅಂಕಗಳ ನಾಲ್ಕು ಸುತ್ತುಗಳನ್ನಾಡಿದರು. ಎದುರಾಳಿಗಳು ಚಿಕ್ಕ ಐರನ್‌ಗಳಿಂದ ಗ್ರೀನ್ ತಲುಪುತ್ತಿದ್ದ ಕಡೆ ಅವರು ಉದ್ದನೆಯ ದಾಂಡುಗಳನ್ನು ಹಿಡಿಯಬೇಕಾಗುತ್ತಿತ್ತು. ಆ ಕೊರತೆಯನ್ನು ಪಟ್ಟಿಂಗಿನಲ್ಲಿ ತುಂಬಿಕೊಂಡರು. ಒಟ್ಟು 269 ಹೊಡೆತಗಳು, ಪಾರ್‌ಗಿಂತ 15 ಕಡಿಮೆ. ಚಿನ್ನ ಗೆದ್ದ ಅಮೆರಿಕದ ನೆಲ್ಲಿ ಕೋರ್ಡಾ ಅವರಿಗಿಂತ ಎರಡು ಹೊಡೆತ, ಬೆಳ್ಳಿ ಮತ್ತು ಕಂಚಿಗಾಗಿ ಹೆಚ್ಚುವರಿ ಕುಳಿಯಲ್ಲಿ ಸೆಣಸಿದ ಜಪಾನಿನ ಮೋನೆ ಇನಾಮಿ ಹಾಗೂ ನ್ಯೂಜಿಲೆಂಡಿನ ಲಿಡಿಯಾ ಕೋ ಅವರಿಗಿಂತ ಒಂದೇ ಒಂದು ಹೊಡೆತ ಹಿಂದುಳಿದು ಅವರು ನಾಲ್ಕನೆಯ ಸ್ಥಾನ ಪಡೆದರು.