ತೂಕದ ಕಲ್ಲೇ ಕರಗಿದರೆ?

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತು ಒಂದು ತಕ್ಕಡಿಯ ಕಥೆ. ಇದರಲ್ಲಿ ತೂಗೋದು ಮಣ್ಣಿನೊಳಗಿನ ರಂಜಕವನ್ನ, ಅಂದ್ರೆ ಫಾಸ್ಫರಸ್ಸನ್ನ. ನಾನು ಬಿ.ಕಾಂ. ಓದಿದವಳು, ಕೆಮಿಸ್ಟ್ರಿಗೆ ಎಸ್ಸೆಸ್ಸೆಲ್ಸಿಯಲ್ಲೇ ಕೈಮುಗಿದವಳು. ಆದರೂ ಈ ಕಥೆ ನನ್ನನ್ನ ಹಿಡಿದು ಕೂರಿಸ್ತು. ಯಾಕಂದ್ರೆ ಇದು ಅಪ್ಪಟ ಲೆಕ್ಕಪತ್ರದ ಕಥೆ.

1946ರಲ್ಲಿ ಅಮೆರಿಕದ ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್ ತಮ್ಮ ತಮ್ಮ ತಂಡಗಳ ಜೊತೆ, ಬೇರೆ ಬೇರೆಯಾಗಿ, ಎನ್‌ಎಂಆರ್ ಫಲಿತಾಂಶ ಪ್ರಕಟಿಸಿದರು. 1952ರಲ್ಲಿ ಇಬ್ಬರಿಗೂ ಭೌತವಿಜ್ಞಾನದ ನೊಬೆಲ್ ಬಂತು. ಬಲವಾದ ಅಯಸ್ಕಾಂತದ ನಡುವೆ ಇಟ್ಟ ಪರಮಾಣು ಕೇಂದ್ರಗಳು ರೇಡಿಯೋ ಅಲೆಗೆ ಉತ್ತರ ಕೊಡ್ತವೆ. ಸಿಗ್ನಲ್ ಎಲ್ಲಿ ಬಂತು ಅನ್ನೋದು ರಂಜಕ ಯಾವ ರೂಪದಲ್ಲಿದೆ ಅಂತ ಹೇಳುತ್ತೆ. ಸಿಗ್ನಲ್ಲಿನ ವಿಸ್ತೀರ್ಣ, ಎಷ್ಟಿದೆ ಅಂತ.

1980ರಲ್ಲಿ ನ್ಯೂಜಿಲೆಂಡಿನ ನ್ಯೂಮನ್ ಮತ್ತು ಟೇಟ್ ಇದನ್ನ ಮಣ್ಣಿಗೆ ಬಳಸಿದರು. ಮಣ್ಣು ರಂಜಕವನ್ನ ಗಟ್ಟಿಯಾಗಿ ಹಿಡಿದುಕೊಂಡಿರುತ್ತೆ. ಅದನ್ನ ಬಿಡಿಸೋಕೆ ಕಾಸ್ಟಿಕ್ ಸೋಡಾದ ದ್ರಾವಣ ಬೇಕಾಯ್ತು. ಆಮೇಲಿನವರು ಅದರ ಜೊತೆ ಇಡಿಟಿಎ ಕೂಡ ಸೇರಿಸಿದರು. ಈ ದ್ರಾವಣದ ಪಿಎಚ್ 13ಕ್ಕಿಂತ ಮೇಲೆ. ಭಾರೀ ಕ್ಷಾರ.

ಯಂತ್ರ ವಿಸ್ತೀರ್ಣ ಕೊಡುತ್ತೆ, ಮಿಲಿಗ್ರಾಂ ಕೊಡಲ್ಲ. ಹಾಗಾಗಿ ಗೊತ್ತಿರೋ ಅಳತೆಯ ಇನ್ನೊಂದು ರಂಜಕದ ವಸ್ತುವನ್ನ ಜೊತೆಗೆ ಹಾಕ್ತಾರೆ. ಅದೇ ತೂಕದ ಕಲ್ಲು, ಸ್ಟ್ಯಾಂಡರ್ಡ್. ಕಲ್ಲು 10 ಭಾಗ, ಮಣ್ಣಿನ ರಂಜಕ 30 ಭಾಗ ತೋರಿಸಿದ್ರೆ ಮೂರು ಪಟ್ಟು ಅಂತ ಲೆಕ್ಕ. ಕ್ಷಾರ ಕಲ್ಲನ್ನೇ ಅರ್ಧ ತಿಂದುಬಿಟ್ಟರೆ? ಅದು 5 ತೋರಿಸುತ್ತೆ, ಮಣ್ಣಿನದ್ದು ಆರು ಪಟ್ಟು ಆಗಿಬಿಡುತ್ತೆ! ಮುರಿದ ಚೂರು ಮಣ್ಣಿನ ಸಿಗ್ನಲ್ ಮೇಲೇ ಬಿದ್ದರೆ ಇನ್ನೂ ಹೆಚ್ಚು.

ಹಾಗಾದ್ರೆ ಯಾವ ಕಲ್ಲು? ಟ್ರೈಮೀಥೈಲ್ ಫಾಸ್ಫೇಟ್ ಆಗಲ್ಲ. ಎಸ್ಟರ್ ಆದ್ದರಿಂದ ಕ್ಷಾರದಲ್ಲಿ ಒಂದು ಮೀಥೈಲ್ ಗುಂಪನ್ನ ಕಳಕೊಳ್ಳುತ್ತೆ. ಫಾಸ್ಫಾರಿಕ್ ಆಸಿಡ್? ಶೂನ್ಯ ಎಲ್ಲಿ ಅಂತ ಗುರುತಿಸೋಕೆ ಬಳಸೋದು ಅದನ್ನೇ. ಆದರೆ ಕ್ಷಾರಕ್ಕೆ ಬೆರೆಸಿದ್ರೆ ಫಾಸ್ಫೇಟ್ ಆಗಿ ಮಣ್ಣಿನ ಫಾಸ್ಫೇಟ್ ಜೊತೆ ಒಂದಾಗುತ್ತೆ. ಬೇಕಾದ್ರೆ ಮುಚ್ಚಿದ ಸಣ್ಣ ಗಾಜಿನ ನಳಿಕೆಯಲ್ಲಿ ಬೇರೆಯಾಗಿ ಇಡಬಹುದು.

ಅನೇಕರು ಆರಿಸಿಕೊಂಡದ್ದು ಮಿಥಿಲೀನ್ ಡೈಫಾಸ್ಫಾನಿಕ್ ಆಸಿಡ್. ಆಸ್ಪತ್ರೆಗಳ ಬೋನ್ ಸ್ಕ್ಯಾನಿನಲ್ಲಿ ಟೆಕ್ನೀಷಿಯಂ ಜೊತೆ ಬಳಸೋದೂ ಇದನ್ನೇ. ಇದರ ಎರಡು ರಂಜಕಗಳ ನಡುವೆ ಇರೋದು ಇಂಗಾಲ. ಕ್ಷಾರ ಕತ್ತರಿಸೋ ಎಸ್ಟರ್ ಕೊಂಡಿ ಇದರಲ್ಲಿ ಇಲ್ಲವೇ ಇಲ್ಲ. ಸಿಗ್ನಲ್ 17 ಪಿಪಿಎಂ ಆಸುಪಾಸಿನಲ್ಲಿ, ಫಾಸ್ಫೇಟ್ 6ರ ಹತ್ತಿರ. ಇಬ್ಬರಿಗೂ ಜಗಳವಿಲ್ಲ. ಒಂದು ಅಣುವಲ್ಲಿ ಎರಡು ರಂಜಕ ಅನ್ನೋದನ್ನ ಮರೆತರೆ ಮಾತ್ರ ಲೆಕ್ಕ ಎರಡು ಪಟ್ಟು ತಪ್ಪುತ್ತೆ.

ಈಗ ನಮ್ಮ ಬಿ.ಕಾಂ. ವಿಷಯ. ಕಲ್ಲು ಗಟ್ಟಿಯಾಗಿದ್ರೂ ಮಣ್ಣಿನ ವಸ್ತುಗಳು ಕ್ಷಾರದಲ್ಲಿ ಬದಲಾಗ್ತವೆ. ಆರ್‌ಎನ್‌ಎ ಮುರಿದು ಚಿಕ್ಕ ನ್ಯೂಕ್ಲಿಯೊಟೈಡ್ ಆಗುತ್ತೆ, ಕೆಲವು ಕೊಬ್ಬಿನ ಫಾಸ್ಫೇಟುಗಳೂ ಮುರೀತವೆ. ಡಿಎನ್‌ಎ ಗಟ್ಟಿಯಾಗಿ ನಿಲ್ಲುತ್ತೆ. ಮುರಿದವು ಡೈಎಸ್ಟರ್ ಖಾತೆಯಿಂದ ಮೊನೊಎಸ್ಟರ್ ಖಾತೆಗೆ ಹೋಗಿಬಿಡ್ತವೆ. ಒಟ್ಟು ರಂಜಕ ಅಷ್ಟೇ ಇರುತ್ತೆ. ತಪ್ಪು ಖಾತೆಗೆ ಬರೆದ ನಮೂದು ಟ್ರಯಲ್ ಬ್ಯಾಲೆನ್ಸಿನಲ್ಲಿ ಸಿಕ್ಕಿಬೀಳಲ್ಲ ಅಂತ ನಾವು ಓದಿದ್ವಲ್ಲ, ಅದೇ ಇದು. ಆಗ ಸೂಕ್ಷ್ಮಜೀವಿಗಳಿಂದ ಬಂದ ರಂಜಕ ಕಡಿಮೆ, ಬೀಜಗಳ ಫೈಟೇಟ್‌ನಂಥದ್ದು ಜಾಸ್ತಿ ಅಂತ ಕಾಣುತ್ತೆ. ಆ ಮಣ್ಣಿನ ಬಗ್ಗೆ ತೀರ್ಮಾನವೇ ಬದಲಾಗುತ್ತೆ. ಅದಕ್ಕೇ ಸಂಶೋಧಕರು ಮುರಿದ ತುಂಡುಗಳನ್ನ ಗುರುತಿಸಿ, ಮತ್ತೆ ಡೈಎಸ್ಟರ್ ಖಾತೆಗೆ ಸೇರಿಸ್ತಾರೆ.

ನಿಮ್ಮಲ್ಲಿ ಯಾರಾದ್ರೂ ಲ್ಯಾಬ್‌ನಲ್ಲಿ ಇದ್ದೀರಾ? ಸ್ಟ್ಯಾಂಡರ್ಡ್ ಬಾಟಲಿಯಲ್ಲಿ ಕೆಡಲ್ಲ ಅನ್ನೋದು ಸಾಲದು. ಅದೇ ಕ್ಷಾರದಲ್ಲಿ, ಅಷ್ಟೇ ಹೊತ್ತು ಇಟ್ಟು, ಮೊದಲು ಮತ್ತು ಕೊನೆಗೆ ಅಳೆದು ನೋಡಿ. ಎರಡೂ ಒಂದೇ ಬಂದ್ರೆ ಮಾತ್ರ ತಕ್ಕಡಿಗೆ ಹಾಕಿ.

ಮುಂದಿನ ವಾರ ಸಿಗೋಣ.