ಮೆಟ್ಟಿಲಿಂದ ಉರುಳಿದ ಸ್ಟೆಬಿಲೈಜರ್

1/5
ಓಡ್ತಾ ಶೂಟ್ ಮಾಡಿದ್ರೂ ವಿಡಿಯೋ ಅಲ್ಲಾಡಬಾರದು ಅಂತ ಕ್ಯಾಮೆರಾ ಕೆಳಗೆ ಹಾಕ್ತೀವಲ್ಲ, ಸ್ಟೆಬಿಲೈಜರ್? ಫೆಸ್ಟ್ ದಿನ ಅದು ನನ್ನ ಕೈಜಾರಿ ಮೆಟ್ಟಿಲ ಮೇಲಿಂದ ಉರುಳಿತು. ನಂದಲ್ಲ, ಸೀನಿಯರ್ ಅಣ್ಣಂದು. ಮದುವೆ ಶೂಟ್ ಮಾಡಿ ಫೀಸ್ ಕಟ್ಟೋರು ಅವರು. ಭಾನುವಾರ ಒಂದು ಮದುವೆ ಬೇರೆ ಒಪ್ಕೊಂಡಿದ್ರು. ಅಂಗಡಿಯಲ್ಲಿ "ರಿಪೇರಿ ಆಗಲ್ಲ, ಹೊಸದು ತಗೊಳ್ಳಿ" ಅಂದ್ರು. ದುಡ್ಡೆಲ್ಲಿದೆ? ಆ ರಾತ್ರಿ, ಈ ಯಂತ್ರ ಹುಟ್ಟಿದ್ದಾದ್ರೂ ಹೇಗೆ ಅಂತ ಹುಡುಕ್ತಾ ಕೂತೆ. ಸಿಕ್ಕಿದ ಕಥೆ ಇದು, ಪೂರ್ತಿ ಓದಿ.

2/5
1970ರ ದಶಕದ ಆರಂಭ, ಅಮೆರಿಕದ ಫಿಲಡೆಲ್ಫಿಯಾ. ಗ್ಯಾರೆಟ್ ಬ್ರೌನ್ ಜಾಹೀರಾತು ಚಿತ್ರ ಮಾಡ್ತಿದ್ರು. ಆಗ ಕ್ಯಾಮೆರಾ ನಯವಾಗಿ ಚಲಿಸಬೇಕಾದ್ರೆ ಹಳಿ ಹಾಸಿ, ಡಾಲಿ ಅನ್ನೋ ಗಾಡಿ ಮೇಲಿಟ್ಟು ತಳ್ಳಬೇಕಿತ್ತು. ಬ್ರೌನ್ ಹತ್ರ ಇದ್ದ ಡಾಲಿ ತೂಕ 800 ಪೌಂಡ್, ಅಂದ್ರೆ ಸುಮಾರು 360 ಕೆ.ಜಿ.! ಅದನ್ನ ಮೆಟ್ಟಿಲು ಹತ್ತಿಸೋಕಾಗುತ್ತಾ? ಅದಕ್ಕೇ ಅವರು ಬೇರೆ ದಾರಿ ಹುಡುಕಿದ್ರು. ಮೊದಮೊದಲ ಪ್ರಯೋಗ ಏನು ಗೊತ್ತಾ? ಪೈಪು, ಕ್ಯಾಮೆರಾ, ಒಂದಿಷ್ಟು ತೂಕ. ಅಷ್ಟೇ.

3/5
ಇದು ಕೆಲಸ ಮಾಡೋದು ಹೇಗೆ? ದೊಂಬರಾಟದಲ್ಲಿ ಹಗ್ಗದ ಮೇಲೆ ನಡೆಯೋರು ಉದ್ದ ಕೋಲು ಹಿಡೀತಾರಲ್ಲ, ಅದೇ ಲೆಕ್ಕ. ತೂಕವನ್ನ ನಡುವಿನಿಂದ ದೂರ ಹರಡಿದಷ್ಟೂ ವಸ್ತು ಥಟ್ಟನೆ ತಿರುಗಲ್ಲ. ಮೇಲೆ ಕ್ಯಾಮೆರಾ, ಕೆಳಗೆ ತೂಕ, ನಡುವೆ ಎಲ್ಲಾ ದಿಕ್ಕಿಗೂ ತಿರುಗೋ ಗಿಂಬಲ್. ಕೈ ಎಷ್ಟೇ ಅಲ್ಲಾಡ್ಲಿ, ಗಿಂಬಲ್ ಅದನ್ನ ಕ್ಯಾಮೆರಾವರೆಗೆ ಹೋಗೋಕೆ ಬಿಡಲ್ಲ. ಬ್ರೌನ್ ಇದಕ್ಕೆ ಮೈಗೆ ತೊಡೋ ವೆಸ್ಟು, ಸ್ಪ್ರಿಂಗ್ ಇರೋ ಕೈ ಸೇರಿಸಿದ್ರು. ಅದೇ ಸ್ಟೆಡಿಕ್ಯಾಮ್.

4/5
ಹೊಸ ಯಂತ್ರ ತೋರಿಸೋಕೆ ಒಂದು ರೀಲ್ ಮಾಡಿದ್ರು. ಅದರಲ್ಲಿ ಅವರ ಗೆಳತಿ ಫಿಲಡೆಲ್ಫಿಯಾ ಮ್ಯೂಸಿಯಂನ ಮೆಟ್ಟಿಲು ಹತ್ತಿ ಓಡ್ತಾರೆ. ನಿರ್ದೇಶಕ ಜಾನ್ ಅವಿಲ್ಡ್‌ಸನ್ ಅದನ್ನ ನೋಡಿ ಆ ಮೆಟ್ಟಿಲು ಎಲ್ಲಿದೆ ಅಂತ ವಿಚಾರಿಸಿದ್ರು. 1976ರ 'ರಾಕಿ' ಸಿನಿಮಾದಲ್ಲಿ ಹೀರೋ ಓಡಿ ಹತ್ತೋ 72 ಮೆಟ್ಟಿಲು ಅವೇ! ಅದಕ್ಕೂ ಮೊದಲು 'ಬೌಂಡ್ ಫಾರ್ ಗ್ಲೋರಿ' ಸಿನಿಮಾಗೆ ಸ್ಟೆಡಿಕ್ಯಾಮ್ ಬಳಸಿ ಆಗಿತ್ತು. 1978ರಲ್ಲಿ ಈ ಯಂತ್ರಕ್ಕೆ ತಾಂತ್ರಿಕ ವಿಭಾಗದ ಆಸ್ಕರ್ ಗೌರವವೂ ಬಂತು.

5/5
ಇಷ್ಟು ಓದಿದ ಮೇಲೆ ಧೈರ್ಯ ಬಂತು. ನಮ್ಮದರಲ್ಲಿ ಮೋಟರ್ ಇರಲಿಲ್ಲ. ಬ್ರೌನ್ ಶುರು ಮಾಡಿದ ಹಾಗೇ ಕಂಬಿ, ತೂಕ, ಗಿಂಬಲ್ ಅಷ್ಟೇ. ಕೆಟ್ಟಿದ್ದು ಮೂರು. ಬಾಗಿದ ತಳದ ಪ್ಲೇಟನ್ನ ವೆಲ್ಡಿಂಗ್ ಶಾಪ್ ಅಣ್ಣ ನೇರ ಮಾಡಿಕೊಟ್ರು. ಕಳೆದುಹೋದ ತೂಕದ ಬದಲು ಹಾರ್ಡ್‌ವೇರ್ ಅಂಗಡಿ ವಾಷರ್ ಹಾಕಿದ್ವಿ. ಹಿಡ್ಕೊಂಡಿದ್ದ ಬೇರಿಂಗ್ ಮೇಲೆ ನಂಬರ್ ಇತ್ತು, ಅದೇ ನಂಬರಿಂದು ತಂದ್ವಿ. ಒಟ್ಟು ಖರ್ಚು ₹240.

ನೀವೂ ಮಾಡೋದಾದ್ರೆ ಕೊನೆಗೆ ಹೀಗೆ ಪರೀಕ್ಷಿಸಿ: ಕ್ಯಾಮೆರಾ ಹಾಕಿ, ಕಂಬಿಯನ್ನ ಅಡ್ಡ ಹಿಡಿದು ಬಿಡಿ. 2–3 ಸೆಕೆಂಡಲ್ಲಿ ನೆಟ್ಟಗಾದ್ರೆ ಸರಿ. ಅದಕ್ಕಿಂತ ಬೇಗ ಆದ್ರೆ ತಳದಲ್ಲಿ ಭಾರ ಜಾಸ್ತಿ, ವಾಷರ್ ತೆಗೀರಿ. ಮೋಟರ್ ಇರೋದಾದ್ರೂ ಮೊದಲು ಸ್ವಿಚ್ ಆಫ್ ಮಾಡಿ ಬ್ಯಾಲೆನ್ಸ್ ನೋಡಿ.

ಶನಿವಾರ ಅಣ್ಣನ ಕೈಗೆ ಕೊಟ್ಟು ಎಲ್ಲಾ ಹೇಳಿದೆ. ಅವರು ಕಾರಿಡಾರಲ್ಲಿ ಒಂದು ರೌಂಡ್ ಓಡಿ ಬಂದು, ವಿಡಿಯೋ ನೋಡಿ, "ಮುಂಚೆಗಿಂತ ಭಾರ ಆಗಿದೆ ಕಣೋ, ಆದ್ರೆ ಅಲ್ಲಾಡ್ತಿಲ್ಲ" ಅಂದ್ರು. ಭಾನುವಾರ ಮದುವೆಗೂ ಅದನ್ನೇ ತಗೊಂಡು ಹೋದ್ರು.

ನಿಮ್ಮನೆ ಅಟ್ಟದ ಮೇಲೂ ಕೆಟ್ಟಿದ್ದು ಇದ್ರೆ ಬಿಸಾಕೋ ಮುಂಚೆ ಒಂದ್ಸಲ ಬಿಚ್ಚಿ ನೋಡಿ. ಏನಾದ್ರೂ ಸರಿಯಾದ್ರೆ ಕಾಮೆಂಟಲ್ಲಿ ಹೇಳಿ.

#ಕ್ಯಾಮೆರಾಕಥೆ #ಸ್ಟೆಡಿಕ್ಯಾಮ್ #ರಿಪೇರಿ