ಅಪ್ಪನ ಡಬ್ಬಿಯೊಳಗಿನ ಎರಡು ಗುಳಿಗೆ

ಬಿಪಿ ಗುಳಿಗೆ ಶಿಗ್ಗಾಂವದ ಡಾಕ್ಟರ್ ಬರೆದದ್ದು, ಕೊಲೆಸ್ಟ್ರಾಲ್ ಗುಳಿಗೆ ಹುಬ್ಬಳ್ಳಿಯ ಹೃದಯದ ಡಾಕ್ಟರ್ ಬರೆದದ್ದು. ಎರಡೂ ಸೇರೋದು ಅಪ್ಪನ ಒಂದೇ ಡಬ್ಬಿಯೊಳಗೆ. ಅಲ್ಲಿ ಅವು ಹೊಂದಿಕೊಂಡು ಇರ್ತಾವೇನು? ಇವತ್ತಿನ ಕಥೆ ಅದೇ.

ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಹುಟ್ಟಿದ್ದು ಬೂಸರಿನಿಂದ. ಜಪಾನಿನ ಸಾಂಕ್ಯೊ ಕಂಪನಿಯ ಅಕಿರಾ ಎಂಡೊ ಸುಮಾರು 6,000 ಬಗೆಯ ಶಿಲೀಂಧ್ರ ಪರೀಕ್ಷೆ ಮಾಡಿ, 1973ರಲ್ಲಿ ಮೊದಲ ಸ್ಟಾಟಿನ್ ಕಂಡುಹಿಡಿದರು. 1987ರಲ್ಲಿ ಅಮೆರಿಕ ಲೋವಾಸ್ಟಾಟಿನ್‌ಗೆ ಒಪ್ಪಿಗೆ ಕೊಟ್ಟಿತು. 1994ರಲ್ಲಿ ಸ್ಕ್ಯಾಂಡಿನೇವಿಯಾದ 4,444 ಹೃದ್ರೋಗಿಗಳ ಅಧ್ಯಯನ ಹೊರಬಂತು: ಸಿಮ್ವಾಸ್ಟಾಟಿನ್ ತಗೊಂಡವರಲ್ಲಿ ಸಾವು ಶೇ. 30ರಷ್ಟು ಕಡಿಮೆ. 2001ರ ಹೊತ್ತಿಗೆ ನಮ್ಮ ಬೆಂಗಳೂರಿನ ಬಯೋಕಾನ್ ಲೋವಾಸ್ಟಾಟಿನ್ ತಯಾರಿಸಲು ಅಮೆರಿಕದ ಔಷಧ ಇಲಾಖೆಯ ಮನ್ನಣೆ ಪಡೆದಿತ್ತು.

ಲಾಭ ಆಯ್ತು, ಇನ್ನು ಖರ್ಚಿನ ಕಾಲಂ ನೋಡೋಣ. 2011ರಲ್ಲಿ ಅದೇ ಇಲಾಖೆ ಒಂದು ಎಚ್ಚರಿಕೆ ಕೊಟ್ಟಿತು: ಬಿಪಿಗೆ ಆಮ್ಲೋಡಿಪಿನ್ ತಗೊಳ್ಳುವವರು ಸಿಮ್ವಾಸ್ಟಾಟಿನ್ ಅನ್ನು ದಿನಕ್ಕೆ 20 ಮಿ.ಗ್ರಾಂ ದಾಟಿಸಬಾರದು. ಡಿಲ್ಟಿಯಾಜೆಮ್ ಅಥವಾ ವೆರಾಪಮಿಲ್ ಜೊತೆಗಿದ್ದರೆ ಮಿತಿ 10. ಯಾಕಂದ್ರೆ ಈ ಬಿಪಿ ಗುಳಿಗೆಗಳು ಸಿಮ್ವಾಸ್ಟಾಟಿನ್ ಕರಗಿಸುವ ಕೆಲಸವನ್ನು ನಿಧಾನ ಮಾಡ್ತಾವೆ. ರಕ್ತದಲ್ಲಿ ಅದು ಹೆಚ್ಚಾಗಿ ಉಳಿದರೆ ಸ್ನಾಯು ಹಾಳಾಗಬಹುದು. ಅಪರೂಪಕ್ಕೆ ಕಿಡ್ನಿಗೂ ಪೆಟ್ಟು ಬೀಳುತ್ತೆ.

ಹಂಗಂತ ಹೆದರಬೇಡಿ. ಈಗ ಹೆಚ್ಚಾಗಿ ಬರೆಯೋದು ಅಟೋರ್ವಾಸ್ಟಾಟಿನ್, ಇಲ್ಲವೇ ರೋಸುವಾಸ್ಟಾಟಿನ್. ಆಮ್ಲೋಡಿಪಿನ್ ಜೊತೆ ಇವುಗಳ ತಂಟೆ ಬಹಳ ಕಡಿಮೆ. ಅಟೋರ್ವಾಸ್ಟಾಟಿನ್, ಆಮ್ಲೋಡಿಪಿನ್ ಎರಡನ್ನೂ ಸೇರಿಸಿದ ಒಂದೇ ಗುಳಿಗೆಗೆ 2004ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಅಂದ್ರೆ ತೊಂದರೆ ಇರೋದು ಜೋಡಿಯಲ್ಲಿ ಅಲ್ಲ, ಯಾವ ಜೋಡಿ, ಎಷ್ಟು ಡೋಸ್ ಅನ್ನೋದರಲ್ಲಿ.

ನಿಮ್ಮ ಕೈಯಾಗ ಮೊಬೈಲ್ ಐತಿ. ಡಬ್ಬಿಯಲ್ಲಿರೋ ಪ್ರತಿ ಗುಳಿಗೆ ಪಟ್ಟಿಯ ಹಿಂಬದಿ ಫೋಟೊ ತೆಗೀರಿ, ಹೆಸರು, ಮಿ.ಗ್ರಾಂ ಸ್ಪಷ್ಟ ಕಾಣಲಿ. ಆ ಫೋಟೊಗಳನ್ನು ಇಬ್ಬರೂ ಡಾಕ್ಟರಿಗೆ ತೋರಿಸ್ರಿ, ಔಷಧ ಅಂಗಡಿಯವರಿಗೂ ತೋರಿಸ್ರಿ. ಕಾರಣ ಇಲ್ಲದೆ ತೊಡೆ, ತೋಳು ಜೋರಾಗಿ ನೋವು ಕೊಟ್ಟರೆ, ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ ಕರ್ಕೊಂಡು ಹೋಗ್ರಿ. ಬರೀ ಸಂಶಯದ ಮೇಲೆ ಮಾತ್ರ ಗುಳಿಗೆ ನಿಲ್ಲಿಸಬೇಡಿ. ಹೃದಯಾಘಾತ, ಪಾರ್ಶ್ವವಾಯು ತಡೀತಿರೋದು ಅವೇ ಎರಡು.